ಬ್ಯಾಂಕ್ ತಪ್ಪಿದರೆ ಕಣ್ಣನ್ನು ಕೊನೆಗೆ ಅನುಮಾನಿಸಿ: ಒಬ್ಬರೇ ಪೂಲ್ ಆಡುವವರಿಗೊಂದು ದೋಷ ನಿವಾರಣೆ ಕೈಪಿಡಿ

ಕಳೆದ ಜುಲೈನ ಒಂದು ಮಧ್ಯಾಹ್ನ. ಹೊರಗೆ ಬೆಂಗಳೂರಿನ ಜಿಟಿಜಿಟಿ ಮಳೆ, ಪೂಲ್ ಪಾರ್ಲರಿನಲ್ಲಿ ಆಡುವವನು ನಾನೊಬ್ಬನೇ. ಏಳನೇ ನಂಬರಿನ ಚೆಂಡನ್ನು ಎದುರು ಕುಶನ್ನಿಗೆ, ಅಂದರೆ ಟೇಬಲಿನ ಅಂಚಿನ ರಬ್ಬರ್ ಪಟ್ಟಿಗೆ, ಬಡಿಸಿ ನನ್ನ ಕಡೆಯ ಮಧ್ಯದ ಪಾಕೆಟಿಗೆ ತರುವ ಹೊಡೆತ. ಇದಕ್ಕೇ ಬ್ಯಾಂಕ್ ಎನ್ನುವುದು. ಹತ್ತು ಸಲ ಹೊಡೆದೆ, ಒಂದೂ ಬೀಳಲಿಲ್ಲ. ನನ್ನ ಕಣ್ಣೇ ಸರಿಯಿಲ್ಲ ಎಂದುಕೊಂಡು ಗುರಿಯನ್ನು ಒಂದು ಬೆರಳಿನಷ್ಟು ಆಚೆಗೆ ಸರಿಸಿದೆ. ಬೀಳತೊಡಗಿತು. ಕಲಿತೆ ಎಂಬ ಖುಷಿಯಲ್ಲಿ ಮನೆಗೆ ಹೋದೆ. ಮುಂದಿನ ವಾರ ಬಿಸಿಲಿತ್ತು, ಮೈಯೂ ಹಗುರವಾಗಿತ್ತು. ಅದೇ ಗುರಿ ಹಿಡಿದು ಹೊಡೆದರೆ ಚೆಂಡು ಪಾಕೆಟನ್ನು ದಾಟಿ ಆಚೆಗೆ ಹೋಗಿ ಬಡಿಯುತ್ತಿತ್ತು.

ಈ ಬರಹ ಆ ಎರಡನೇ ವಾರದ ಪೆಚ್ಚಿನಿಂದ ಹುಟ್ಟಿದ್ದು. ಕಾಯಿಲೆ ಯಾವುದೆಂದು ನೋಡದೆ ಮದ್ದು ಕುಡಿಸಿದ್ದೆ. ಬ್ಯಾಂಕ್ ತಪ್ಪಿದಾಗ ನಾವೆಲ್ಲ ಮೊದಲು ದೂರುವುದು ಕಣ್ಣನ್ನು. ಕಾರಣ ಸರಳ: ಗುರಿ ಬದಲಿಸುವುದಕ್ಕೆ ಖರ್ಚಿಲ್ಲ. ಆದರೆ ಗುರಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ತಪ್ಪಾಗಿರುವ ದಿನಗಳೇ ಹೆಚ್ಚು. ಹಾಗಾಗಿ ತನಿಖೆಯ ಸರದಿಯನ್ನು ತಿರುಗಿಸಿ: ಮೊದಲು ಕೈ, ಆಮೇಲೆ ಟೇಬಲ್, ಆಮೇಲೆ ಜೋರು, ಆಮೇಲೆ ಚೆಂಡಿನ ಸುತ್ತು. ಇವೆಲ್ಲ ನಿರ್ದೋಷಿಗಳೆಂದು ಗೊತ್ತಾದ ಮೇಲೆ ಕಣ್ಣು. ಎದುರಾಳಿ ಇದ್ದಾಗ ಈ ತನಿಖೆ ಸಾಧ್ಯವಿಲ್ಲ, ಒಂದೇ ಹೊಡೆತ ಎರಡನೇ ಸಲ ಸಿಗುವುದಿಲ್ಲ. ಒಬ್ಬರೇ ಇದ್ದಾಗ ಒಂದೇ ಪ್ರಶ್ನೆಯನ್ನು ಟೇಬಲಿಗೆ ಹತ್ತು ಸಲ ಕೇಳಬಹುದು, ಅದು ಬೇಸರಪಟ್ಟುಕೊಳ್ಳುವುದಿಲ್ಲ.

ಮಾತು ಸ್ಪಷ್ಟವಾಗಿರಲಿ. ಬಣ್ಣದ ಚೆಂಡು ಕುಶನ್ನಿಗೆ ಬಡಿದು ತಿರುಗಿ ಪಾಕೆಟಿಗೆ ಹೋದರೆ ಅದು ಬ್ಯಾಂಕ್. ಸ್ನೂಕರ್ ಆಡುವವರು ಇದನ್ನೇ ಡಬಲ್ ಎನ್ನುತ್ತಾರೆ. ಕ್ಯೂ ಕೋಲಿನಿಂದ ಹೊಡೆಯುವ ಬಿಳಿ ಚೆಂಡೇ ಮೊದಲು ಕುಶನ್ನಿಗೆ ಹೋಗಿ, ಅಲ್ಲಿಂದ ತಿರುಗಿ ಬಣ್ಣದ ಚೆಂಡನ್ನು ಮುಟ್ಟಿದರೆ ಅದು ಕಿಕ್. ಇಲ್ಲೊಂದು ಗೋಜಲಿದೆ: ಸ್ನೂಕರಿನಲ್ಲಿ ಕಿಕ್ ಎಂದರೆ ಬೇರೆಯೇ. ಚೆಂಡುಗಳ ನಡುವೆ ಚಾಕ್ ಪುಡಿ ಸಿಕ್ಕಿಕೊಂಡು ಚೆಂಡು ತುಸು ನೆಗೆದು ದಾರಿ ತಪ್ಪುವುದಕ್ಕೆ ಅವರು ಹಾಗೆನ್ನುತ್ತಾರೆ. ನಮ್ಮ ಪಾರ್ಲರಿನಲ್ಲಿ ಟೇಬಲ್ ನೋಡಿಕೊಳ್ಳುವ ಮಾರ್ಕರ್ ಹಳೆಯ ಬಿಲಿಯರ್ಡ್ಸ್ ಹಾಲಿನಲ್ಲಿ ಪಳಗಿದವರು. 'ನನ್ನ ಕಿಕ್ ಕೈಕೊಡುತ್ತಿದೆ' ಎಂದು ಮೊದಲ ದಿನ ಹೇಳಿದಾಗ ಅವರು ಚೆಂಡು ಒರೆಸಲು ಬಟ್ಟೆ ತಂದಿದ್ದರು.

ಇನ್ನೆರಡು ಮಾತು: ಗಿಡ್ಡ ಮತ್ತು ಉದ್ದ. ಕುಶನ್ನಿನಿಂದ ಹೊರಟ ಚೆಂಡು ನೆಟ್ಟಗೆ ವಾಪಸು ಬಂದು, ನಾವು ಎಣಿಸಿದ ಜಾಗಕ್ಕಿಂತ ಈಚೆಗೇ ತಲುಪಿದರೆ ಗಿಡ್ಡ. ಓರೆಯಾಗಿ ಆಚೆಗೆ ಓಡಿದರೆ ಉದ್ದ. ನೋಟ್‌ಬುಕ್ಕಿನಲ್ಲಿ 'ಮಿಸ್' ಎಂದು ಬರೆಯುವುದನ್ನು ಇವತ್ತೇ ಬಿಡಿ. ಆ ಪದದಲ್ಲಿ ಯಾವ ಸುಳಿವೂ ಇಲ್ಲ. 'ಗಿಡ್ಡ, ಮೂರು ಬೆರಳು' ಎಂದು ಬರೆದರೆ ಸುಳಿವಿದೆ.

ಒಂದೇ ಹೊಡೆತ, ಹತ್ತು ಸಲ

ಪಂಚ್ ಮಾಡಿದ ಕಾಗದದ ತೂತು ಹರಿಯದಂತೆ ಅಂಟಿಸುವ ಬಿಳಿ ಉಂಗುರಗಳು ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತವೆ. ಒಂದು ಹಾಳೆ ಕೊಳ್ಳಿರಿ. ಚೆಂಡನ್ನು ಇಡುವ ಜಾಗಕ್ಕೆ ಉಂಗುರ ಅಂಟಿಸಿದರೆ ಪ್ರತಿ ಸಲವೂ ಕೂದಲೆಳೆ ಕದಲದಂತೆ ಅಲ್ಲೇ ಕೂರುತ್ತದೆ. ಆಟ ಮುಗಿದ ಮೇಲೆ ಮರೆಯದೆ ಕಿತ್ತುಬಿಡಿ. ಬಟ್ಟೆಯ ಮೇಲೆ ಅಂಟು ಉಳಿದರೆ ಪಾರ್ಲರಿನವರ ಮುಖ ನೋಡಲಾಗದು.

ನಾನು ಆಡುವ ಟೇಬಲ್ ಎಂಟು ಅಡಿಯದು, ಆಟದ ಮೈ 88 ಇಂಚು ಉದ್ದ, 44 ಇಂಚು ಅಗಲ. ಒಂಬತ್ತು ಅಡಿಯದಾದರೆ 100 ಮತ್ತು 50. ಉದ್ದನೆಯ ಬದಿಯಲ್ಲಿ ಕೂರಿಸಿದ ಡೈಮಂಡ್ ಗುರುತುಗಳು ಅದನ್ನು ಎಂಟು ಪಾಲು ಮಾಡುತ್ತವೆ. ನನ್ನ ಟೇಬಲಿನಲ್ಲಿ ಪಾಲಿಗೆ 11 ಇಂಚು. ಬಣ್ಣದ ಚೆಂಡನ್ನು ಅಗಲದ ನಟ್ಟನಡುವೆ, ಮಧ್ಯದ ಪಾಕೆಟಿನ ನೇರದಿಂದ ಒಂದೂವರೆ ಗುರುತು ದೂರದಲ್ಲಿ ಇಡಿ. ಇಲ್ಲಿಂದ ಎದುರು ಕುಶನ್ನಿಗೆ ಇರುವ ದೂರ ಒಂದು ಪಾಲಾದರೆ, ಕುಶನ್ನಿನಿಂದ ನಮ್ಮ ಪಾಕೆಟಿಗೆ ಎರಡು ಪಾಲು. ಆದ್ದರಿಂದ ಆ ಒಂದೂವರೆ ಗುರುತಿನಲ್ಲಿ ಮೂರನೇ ಒಂದು ಭಾಗ, ಅಂದರೆ ಅರ್ಧ ಗುರುತು ಮುಂದೆ ಚೆಂಡು ತಿರುಗಬೇಕು. ಬಿಳಿ ಚೆಂಡನ್ನು ಅದೇ ಗೆರೆಯಲ್ಲಿ ಒಂದೂವರೆ ಗೇಣು ಹಿಂದೆ ಇಟ್ಟು ನೇರ ಹೊಡೆತ ಹೊಡೆಯಿರಿ. ತಿರುಗುವ ಜಾಗ ಒಂದು ಬೆರಳು ಸರಿದರೆ ಪಾಕೆಟಿನ ಹತ್ತಿರ ಮೂರು ಬೆರಳು ಸರಿಯುತ್ತದೆ. ಜುಲೈನಲ್ಲಿ ಒಂದೇ ಬೆರಳಿನ ತಿದ್ದುಪಡಿ ನನ್ನನ್ನು ಅಷ್ಟು ಸುಲಭವಾಗಿ ಏಮಾರಿಸಿದ್ದು ಹೀಗೆ.

ಹತ್ತು ಹೊಡೆದು, ಚೆಂಡು ಬಂದು ಬಡಿದ ಜಾಗಗಳನ್ನು ಗುರುತು ಮಾಡಿಕೊಳ್ಳಿ. ಅವು ಪಾಕೆಟಿನ ಎರಡೂ ಕಡೆ ಹರಡಿಕೊಂಡಿದ್ದರೆ ಒಂದು ಕಥೆ, ಒಂದೇ ಕಡೆ ಗುಂಪಾಗಿದ್ದರೆ ಇನ್ನೊಂದು. ಆ ಜುಲೈ ದಿನ ಮಾರ್ಕರ್ ಚಹಾದ ಲೋಟ ಹಿಡಿದು ನೋಡುತ್ತ ನಿಂತಿದ್ದರು. 'ಹತ್ತರಲ್ಲಿ ಎಂಟು ಅದೇ ಜಾಗಕ್ಕೆ ಹೋಗುತ್ತಿದೆಯಲ್ಲ ಸರ್' ಎಂದರು. ಅದನ್ನು ನಾನು ಚುಚ್ಚುಮಾತು ಎಂದು ತಿಳಿದೆ. ಅವರು ಹೇಳಿದ್ದರ ಅರ್ಥ, ಕೈ ಸರಿಯಿದೆ, ದೋಷ ಬೇರೆಲ್ಲೋ ಇದೆ ಎಂದು. ಒಂದೇ ಜಾಗಕ್ಕೆ ಎಂಟು ಸಲ ತಪ್ಪುವುದಕ್ಕೂ ಕೈ ಪಳಗಿರಬೇಕು.

ಎರಡೂ ಕಡೆ ಹರಡಿದ್ದರೆ

ಆಗ ಬ್ಯಾಂಕ್ ಅಭ್ಯಾಸವನ್ನು ಅಲ್ಲಿಗೇ ನಿಲ್ಲಿಸಿ. ಬಿಳಿ ಚೆಂಡನ್ನು ಒಂದು ತುದಿಯ ಸ್ಪಾಟಿನ (ಬಟ್ಟೆಯ ಮೇಲಿನ ಚುಕ್ಕೆ ಗುರುತಿನ) ಮೇಲಿಟ್ಟು, ಇನ್ನೊಂದು ತುದಿಯ ಸ್ಪಾಟಿನ ಮೇಲೆ ಹಾಯಿಸಿ, ಕುಶನ್ನಿಗೆ ಬಡಿದು ವಾಪಸು ಬಂದು ಕ್ಯೂ ಕೋಲಿನ ತುದಿಗೆ, ಅಂದರೆ ಟಿಪ್ಪಿಗೇ ತಾಗುವಂತೆ ಹೊಡೆಯಿರಿ. ಹೊಡೆದ ಮೇಲೆ ಕ್ಯೂ ಎತ್ತಬೇಡಿ. ಚೆಂಡು ದೂರದ ಸ್ಪಾಟಿನ ಮೇಲೆಯೇ ಹಾದು, ವಾಪಸು ಬರುವಾಗ ಬಲಕ್ಕೆ ವಾಲಿದರೆ ಟಿಪ್ ಚೆಂಡಿನ ಬಲಬದಿಗೆ ಬಿದ್ದಿದೆ. ಸ್ಪಾಟನ್ನೇ ತಪ್ಪಿಸಿದ್ದರೆ ನೀವು ನಿಂತ ಗೆರೆಯೇ ಓರೆ. ಎರಡೂ ಬೇರೆ ರೋಗ. ಅನುಮಾನ ಉಳಿದರೆ ಬಿಳಿ ಚೆಂಡಿನ ಬದಲು ಪಟ್ಟೆಯ ಚೆಂಡೊಂದನ್ನು, ಪಟ್ಟೆ ಗಾಡಿ ಚಕ್ರದಂತೆ ನೆಟ್ಟಗಿರುವ ಹಾಗೆ ಇಟ್ಟು ಹೊಡೆಯಿರಿ. ಪಟ್ಟೆ ಓಲಾಡಿದರೆ ನಿಮಗೆ ಗೊತ್ತಿಲ್ಲದೆ ಸೈಡ್ ಹೊಡೆಯುತ್ತಿದ್ದೀರಿ, ಅಂದರೆ ಚೆಂಡಿನ ಬದಿಗೆ ಹೊಡೆದು ಪಕ್ಕದ ಸುತ್ತು ಕೊಡುತ್ತಿದ್ದೀರಿ. ನೇರ ಹೊಡೆತ ಹತ್ತರಲ್ಲಿ ಏಳು ಸಲ ಟಿಪ್ಪಿನ ಹತ್ತಿರ ಬರುವವರೆಗೂ ಮುಂದಿನ ಭಾಗ ಓದಿ ಪ್ರಯೋಜನವಿಲ್ಲ. ಇದು ನನ್ನ ಲೆಕ್ಕ. ನನಗೆ ಆ ಏಳಕ್ಕೆ ಬರಲು ಮೂರು ವಾರ ಹಿಡಿಯಿತು.

ಟೇಬಲ್ಲಿನ ತಪಾಸಣೆ

ಇದಕ್ಕೆ ಐದು ನಿಮಿಷ ಸಾಕು. ಚೆಂಡನ್ನು ಕುಶನ್ನಿಗೆ ಸಮಾನಾಂತರವಾಗಿ ತೀರಾ ಮೆಲ್ಲಗೆ ಉರುಳಿಸಿ, ಕೊನೆಗಾಲದಲ್ಲಿ ಯಾವ ಕಡೆ ಹೊರಳುತ್ತದೆ ನೋಡಿ. ಪ್ರತಿ ಕುಶನ್ನಿಗೂ ಒಂದೇ ಹದದಲ್ಲಿ ಕೈಯಿಂದಲೇ ಚೆಂಡು ಬಿಟ್ಟು ಸದ್ದು ಕೇಳಿ. ಜೀವ ಇರುವ ರಬ್ಬರ್ 'ಟಕ್' ಎನ್ನುತ್ತದೆ, ಸತ್ತದ್ದು 'ದಬ್' ಎನ್ನುತ್ತದೆ. ಚೆಂಡುಗಳನ್ನು ಒರೆಸಿ. ಪೂಲ್ ಚೆಂಡಿನ ವ್ಯಾಸ 57.15 ಮಿಲಿಮೀಟರ್, ತೂಕ 156ರಿಂದ 170 ಗ್ರಾಂ ಒಳಗೆ ಇರಬೇಕು. ಬಿಳಿ ಚೆಂಡು ಕಳೆದುಹೋಗಿ ಎಲ್ಲಿಂದಲೋ ಬೇರೆ ತಂದು ಸೇರಿಸಿದ್ದರೆ ಅದು ಉಳಿದವುಗಳಿಗಿಂತ ಚಿಕ್ಕದೋ ದೊಡ್ಡದೋ ಇರುವುದುಂಟು. ಬಿಳಿಯ ಎಡಬಲಕ್ಕೆ ಒಂದೊಂದು ಬಣ್ಣದ ಚೆಂಡು ತಾಗಿಸಿಟ್ಟು, ಮೇಲೆ ನೆಟ್ಟಗಿನ ಸ್ಕೇಲ್ ಅಡ್ಡ ಹಾಕಿದರೆ ತಿಳಿಯುತ್ತದೆ.

ಮಳೆಗಾಲವನ್ನು ಮಾತ್ರ ಲಘುವಾಗಿ ನೋಡಬೇಡಿ. ತೇವ ಹಿಡಿದ ಬಟ್ಟೆ ಚೆಂಡನ್ನು ಹಿಡಿದೆಳೆಯುತ್ತದೆ, ಕುಶನ್ನಿನ ಬಟ್ಟೆಯೂ ಹಾಗೆಯೇ. ಟೇಬಲ್ ಗಿಡ್ಡ ಆಡುತ್ತದೆ. ಹೊಸ ಬಟ್ಟೆ ಹಾಕಿಸಿದ ವಾರ ಇದಕ್ಕೆ ತದ್ವಿರುದ್ಧ, ಎಲ್ಲವೂ ಜಾರಿ ಉದ್ದ ಹೋಗುತ್ತದೆ. ಮೂರು ಕುಶನ್ ಬಿಲಿಯರ್ಡ್ಸ್ ಪಂದ್ಯಗಳಲ್ಲಿ ಟೇಬಲಿನ ಕಲ್ಲನ್ನೇ ಕೆಳಗಿನಿಂದ ಬಿಸಿ ಮಾಡಿ ಬಟ್ಟೆಯನ್ನು ಒಣಗಿಸಿಟ್ಟಿರುತ್ತಾರೆ. ಆ ಆಟ ಪೂರ್ತಿ ಕುಶನ್ನಿನ ಮೇಲೆಯೇ ನಿಂತಿರುವುದರಿಂದ ಅವರಿಗೆ ಆ ಖರ್ಚು ದುಬಾರಿ ಎನಿಸುವುದಿಲ್ಲ. ನಮಗೆ ಫ್ಯಾನ್ ಹಾಕಿಸಿಕೊಳ್ಳುವುದಷ್ಟೇ ದಾರಿ. ನೋಟ್‌ಬುಕ್ಕಿನಲ್ಲಿ ತಾರೀಖಿನ ಪಕ್ಕ 'ಮಳೆ' ಎಂದು ಬರೆಯಲು ಮಾತ್ರ ಖರ್ಚಿಲ್ಲ.

ಸ್ನೂಕರಿನಿಂದ ಬಂದವರಿಗೆ ಇನ್ನೊಂದು ಮಾತು. ಬಿಲಿಯರ್ಡ್ಸ್, ಸ್ನೂಕರ್ ವಿಶ್ವ ಚಾಂಪಿಯನ್ ಪಂಕಜ್ ಅಡ್ವಾಣಿ ಆಡಿ ಬೆಳೆದ ಊರು ಇದು, ಹನ್ನೆರಡು ಅಡಿ ಟೇಬಲಿನಲ್ಲಿ ಕೈ ಪಳಗಿಸಿಕೊಂಡು ಪೂಲಿಗೆ ಬರುವವರು ಇಲ್ಲಿ ಅನೇಕ. ಅಲ್ಲಿಯ ಚೆಂಡು 52.5 ಮಿಲಿಮೀಟರ್, ಕುಶನ್ ರಬ್ಬರಿನ ಆಕಾರ ಬೇರೆ, ಬಟ್ಟೆಗೆ ರೋಮ ಇರುತ್ತದೆ. ಅಲ್ಲಿ ಕೂಡಿಟ್ಟ ಕುಶನ್ ಅಂದಾಜನ್ನು ಇಲ್ಲಿಗೆ ಹೊತ್ತು ತರಬೇಡಿ. ಕಟ್ಟಿಟ್ಟುಬಿಡಿ, ಅಲ್ಲಿಗೆ ಹೋದಾಗ ಬೇಕಾಗುತ್ತದೆ.

ಎಲ್ಲವೂ ಗಿಡ್ಡ, ಅಥವಾ ಎಲ್ಲವೂ ಉದ್ದ

ಈಗ ನನ್ನ ಕಾಯಿಲೆಗೆ ಬಂದೆವು. ಕೈ ಸರಿ, ಟೇಬಲ್ ಸುಮಾರಾಗಿ ಸರಿ, ಆದರೆ ಚೆಂಡು ಒಂದೇ ಕಡೆಗೆ ತಪ್ಪುತ್ತದೆ. ಗುರಿಯನ್ನು ಮುಟ್ಟಬೇಡಿ. ಅದೇ ಉಂಗುರ, ಅದೇ ಗೆರೆ ಇಟ್ಟುಕೊಂಡು ಮೂರು ಜೋರಿನಲ್ಲಿ ಹೊಡೆಯಿರಿ. ಮೊದಲನೆಯದು ಪಾಕೆಟಿನ ಬಾಯಿಗೆ ಬಂದು ನಿಲ್ಲುವಷ್ಟು. ಎರಡನೆಯದು, ಪಾಕೆಟ್ ಇರದಿದ್ದರೆ ಇನ್ನೊಮ್ಮೆ ಎದುರು ಕುಶನ್ ಮುಟ್ಟಿ ಬರುವಷ್ಟು. ಮೂರನೆಯದು ಸಿಟ್ಟು ಬಂದಾಗ ಹೊಡೆಯುತ್ತೀರಲ್ಲ, ಅಷ್ಟು. ನನ್ನ ಟೇಬಲಿನಲ್ಲಿ ಮೊದಲನೆಯದು ಎರಡು ಬೆರಳು ಉದ್ದ, ಎರಡನೆಯದು ಪಾಕೆಟಿಗೆ, ಮೂರನೆಯದು ನಾಲ್ಕು ಬೆರಳು ಗಿಡ್ಡ. ಗುರಿ ಒಂದೇ, ಫಲ ಮೂರು. ಜುಲೈ ಮಳೆಯ ದಿನ ನಾನು ಹೊಡೆದ ಹತ್ತರಲ್ಲಿ ಕೊನೆಯ ಎಂಟೂ ಮೂರನೆಯ ಬಗೆಯವು. ಮೊದಲ ಎರಡು ತಪ್ಪಿದ ಮೇಲೆ ಸಿಟ್ಟು ಬಂದಿತ್ತು.

ಏಕೆ ಹೀಗಾಗುತ್ತದೆ ಎಂಬುದನ್ನು ಒಮ್ಮೆ ತಿಳಿದರೆ ಮುಂದಿನ ಅರ್ಧ ತನಿಖೆ ತಾನಾಗಿ ಆಗುತ್ತದೆ. ನೇರ ಪೆಟ್ಟು ತಿಂದ ಬಣ್ಣದ ಚೆಂಡು ಹೊರಟ ಕೂಡಲೇ ಉರುಳುವುದಿಲ್ಲ, ಜಾರುತ್ತದೆ. ಬಟ್ಟೆ ಅದರ ಹೊಟ್ಟೆಯನ್ನು ಹಿಡಿದೆಳೆದು ಮೆಲ್ಲಮೆಲ್ಲಗೆ ಉರುಳಿಸಲು ಕಲಿಸುತ್ತದೆ. ಪೂರ್ತಿ ಉರುಳತೊಡಗುವ ಹೊತ್ತಿಗೆ ಮೊದಲಿನ ವೇಗದ ಏಳರಲ್ಲಿ ಐದು ಭಾಗ ಉಳಿದಿರುತ್ತದೆ. ಎಷ್ಟು ದೂರ ಜಾರುತ್ತದೆ ಎಂಬುದು ವೇಗದ ವರ್ಗದಂತೆ ಏರುತ್ತದೆ: ಎರಡು ಪಟ್ಟು ಜೋರಾಗಿ ಹೊಡೆದರೆ ಜಾರುವ ದೂರ ನಾಲ್ಕು ಪಟ್ಟು. ಆದ್ದರಿಂದ ಮೆಲ್ಲಗೆ ಹೊಡೆದದ್ದು ಕುಶನ್ ಮುಟ್ಟುವ ಮೊದಲೇ ಉರುಳುತ್ತಿರುತ್ತದೆ, ಜೋರಾಗಿ ಹೊಡೆದದ್ದು ಇನ್ನೂ ಜಾರುತ್ತಲೇ ಹೋಗಿ ಬಡಿಯುತ್ತದೆ.

ಜಾರುತ್ತ ಬಂದ ಚೆಂಡನ್ನು ಕುಶನ್ನಿನ ಬಟ್ಟೆ ಉಜ್ಜುತ್ತದೆ. ಕುಶನ್ನಿನ ಉದ್ದಕ್ಕಿರುವ ಓಟ ಸ್ವಲ್ಪ ಸೋರಿಹೋಗುತ್ತದೆ, ಚೆಂಡು ನೆಟ್ಟಗಾಗಿ ವಾಪಸು ಬರುತ್ತದೆ. ಅದೇ ಗಿಡ್ಡ. ಉರುಳುತ್ತ ಬಂದದ್ದರ ಕಥೆ ಬೇರೆ. ಅದು ಕುಶನ್ನಿನಿಂದ ಹಿಂದಿರುಗಿದ ಮೇಲೂ ಅದರ ಮೈಯ ಸುತ್ತು ಕುಶನ್ನಿನ ಕಡೆಗೇ ಇರುತ್ತದೆ; ಹೊರಟ ಬಸ್ಸಿನಿಂದ ಇಳಿದವನ ಮೈ ಬಸ್ಸಿನ ದಿಕ್ಕಿಗೇ ಎಳೆದ ಹಾಗೆ. ಆ ಸುತ್ತು ಬಟ್ಟೆಯನ್ನು ಹಿಡಿದು ಚೆಂಡನ್ನು ಕುಶನ್ನಿನತ್ತ ಜಗ್ಗುತ್ತದೆ, ದಾರಿ ಬಿಲ್ಲಿನಂತೆ ಬಾಗುತ್ತದೆ, ಚೆಂಡು ಉದ್ದ ಹೋಗುತ್ತದೆ. ನಂಬಿಕೆ ಬಾರದಿದ್ದರೆ ಬಿಳಿ ಚೆಂಡಿನ ಮೇಲ್ಭಾಗಕ್ಕೆ ಹೊಡೆದು ಓರೆಯಾಗಿ ಕುಶನ್ನಿಗೆ ಕಳಿಸಿ, ಕುಶನ್ನಿನ ನೇರಕ್ಕೆ ಬಗ್ಗಿ ನಿಂತು ನೋಡಿ. ಬಿಟ್ಟು ಬಂದ ಮೊದಲ ಒಂದು ಗೇಣಿನಲ್ಲೇ ಬಾಗು ಕಣ್ಣಿಗೆ ಕಾಣುತ್ತದೆ.

ಕ್ಯಾರಂ ಆಡಿ ಬೆಳೆದವರಿಗೆ ಇಲ್ಲೇ ಪೆಟ್ಟು ಬೀಳುವುದು. ನಾನೂ ಅವರಲ್ಲೊಬ್ಬ. ಬೋರಿಕ್ ಪುಡಿ ಉದುರಿಸಿದ ಹಲಗೆಯ ಮೇಲೆ ಸ್ಟ್ರೈಕರನ್ನು ಎದುರು ಪಟ್ಟಿಗೆ ಬಡಿಸಿ ಹಿಂದಿನ ಪಾನ್ ತೆಗೆಯುವುದನ್ನು ಬೇಸಿಗೆ ರಜೆಗಳಲ್ಲಿ ಕಲಿತವರ ಕಣ್ಣಿಗೆ, ಹೋದ ಕೋನದಲ್ಲೇ ವಾಪಸು ಬರುತ್ತದೆ ಎಂಬುದು ರಕ್ತಗತ. ಸ್ಟ್ರೈಕರ್ ಚಪ್ಪಟೆ ಬಿಲ್ಲೆ, ಅದು ಯಾವತ್ತೂ ಉರುಳುವುದಿಲ್ಲ. ಪೂಲ್ ಚೆಂಡು ಉರುಳುತ್ತದೆ. ಕ್ಯಾರಂ ಕೊಟ್ಟ ಕೋನದ ಅಂದಾಜು ಒಳ್ಳೆಯ ಬಂಡವಾಳವೇ, ಅದರ ಮೇಲೆ ಜೋರಿನ ಲೆಕ್ಕ ಕಟ್ಟಬೇಕು.

ಇದರಿಂದ ಇನ್ನೊಂದು ಒಗಟೂ ಬಿಡುತ್ತದೆ. 'ಒಂದೇ ಜೋರಿನಲ್ಲಿ ಹೊಡೆದೆ, ಆದರೂ ಒಂದು ಚೆಂಡು ಗಿಡ್ಡ, ಇನ್ನೊಂದು ಉದ್ದ' ಎಂಬ ದೂರು ಇದೆಯಲ್ಲ, ಆಗ ಬಣ್ಣದ ಚೆಂಡು ಕುಶನ್ನಿನಿಂದ ಎಷ್ಟು ದೂರವಿತ್ತು ನೋಡಿ. ಕುಶನ್ನಿಗೆ ಒಂದು ಗೇಣು ದೂರದ ಚೆಂಡು ಮಧ್ಯಮ ಜೋರಿನಲ್ಲೂ ಜಾರುತ್ತಲೇ ಬಡಿಯುತ್ತದೆ. ಟೇಬಲಿನ ಆ ತುದಿಯಿಂದ ಹೊರಟದ್ದು ಅದೇ ಜೋರಿನಲ್ಲಿ ಅರ್ಧದಾರಿಗೇ ಉರುಳತೊಡಗುತ್ತದೆ. ನಾನು ನೋಟ್‌ಬುಕ್ಕಿನಲ್ಲಿ 'ಹತ್ತಿರ', 'ದೂರ' ಎಂದು ಎರಡು ಅಂಕಣ ಎಳೆದ ದಿನವೇ ಅರ್ಧ ಗೊಂದಲ ಕರಗಿತು.

ಹಾಗಾದರೆ ಯಾವ ಜೋರು ಹಿಡಿಯಬೇಕು? ಬ್ಯಾಂಕ್ ಹೊಡೆತವನ್ನೇ ಆಟವಾಗಿ ಆಡುವ ಅಮೆರಿಕದ ಪಳಗಿದ ಕೈಗಳು ಗಟ್ಟಿಯಾಗಿ ಹೊಡೆಯುತ್ತವೆ. ಚೆಂಡು ಜಾರುತ್ತಲೇ ಕುಶನ್ ಮುಟ್ಟಿದರೆ ಆಮೇಲಿನ ಬಾಗು ಕಡಿಮೆ, ಫಲ ಪ್ರತಿ ಸಲವೂ ಒಂದೇ. ಆದರೆ ಅವರ ಕೈ ಆ ಗಟ್ಟಿ ಹೊಡೆತದಲ್ಲೂ ನೇರ ಇರುತ್ತದೆ, ನಮ್ಮದು ಇರುವುದಿಲ್ಲ. ಒಬ್ಬರೇ ಕಲಿಯುವವರು ಮೇಲೆ ಹೇಳಿದ ಎರಡನೇ ಜೋರನ್ನು ತಾಯಿಬೇರಾಗಿ ಹಿಡಿಯಲಿ ಎನ್ನುವುದು ನನ್ನ ಅಭಿಪ್ರಾಯ. ಅದನ್ನು ಕೈಗೆ ಕೂರಿಸಲು ಬಣ್ಣದ ಚೆಂಡೇ ಬೇಡ. ಬಿಳಿ ಚೆಂಡನ್ನು ಟೇಬಲಿನ ಉದ್ದಕ್ಕೆ ಹೊಡೆದು, ಎರಡು ಉದ್ದ ಓಡಿ ನಿಲ್ಲುವಂತೆ, ಮೂರು ಓಡಿ ನಿಲ್ಲುವಂತೆ, ನಾಲ್ಕು ಓಡಿ ನಿಲ್ಲುವಂತೆ ಅಭ್ಯಾಸ ಮಾಡಿ. ದಿನದ ಮೊದಲ ಹತ್ತು ನಿಮಿಷ ಇದಕ್ಕೆ. ಬೇಸರ ಹುಟ್ಟಿಸುವ ಕೆಲಸ, ತಪ್ಪಿಸಿಕೊಳ್ಳುವ ದಾರಿ ಇಲ್ಲ.

ನೇರ ಬ್ಯಾಂಕ್ ಬೀಳುತ್ತದೆ, ಓರೆ ಬ್ಯಾಂಕ್ ಬೀಳುವುದಿಲ್ಲ

ಬಿಳಿ, ಬಣ್ಣ, ತಿರುಗುವ ಜಾಗ ಮೂರೂ ಒಂದೇ ಗೆರೆಯಲ್ಲಿ ಇಲ್ಲದಾಗ ಬಣ್ಣದ ಚೆಂಡನ್ನು ಕಟ್ ಮಾಡಿ, ಅಂದರೆ ಬಿಳಿಯನ್ನು ಅದರ ಒಂದು ಬದಿಗೆ ತಾಗಿಸಿ ಓರೆಯಾಗಿ ಕಳಿಸಬೇಕಾಗುತ್ತದೆ. ಚೆಂಡುಗಳು ತಾಗುವ ಗಳಿಗೆಯಲ್ಲಿ ಒಂದರ ಮೈ ಇನ್ನೊಂದನ್ನು ಉಜ್ಜುತ್ತದೆ, ಹಲ್ಲುಚಕ್ರಗಳಂತೆ. ಬಣ್ಣದ ಚೆಂಡು ಸ್ವಲ್ಪ ದಾರಿ ಸರಿಯುತ್ತದೆ, ಜೊತೆಗೆ ಒಂದು ಸುತ್ತನ್ನೂ ಪಡೆಯುತ್ತದೆ. ಕಟ್ ಬ್ಯಾಂಕಿನಲ್ಲಿ ಈ ಎರಡೂ ಒಂದೇ ಕಡೆಗೆ ಎಳೆಯುತ್ತವೆ. ತಪ್ಪು ಅಷ್ಟು ದೊಡ್ಡದಾಗಿ ಕಾಣುವುದು ಅದಕ್ಕೇ.

ಯಾವ ಕಡೆಗೆ ಎಂಬುದನ್ನು ನೆನಪಿಡುವ ಬಗೆ ಇದು. ಬಣ್ಣದ ಚೆಂಡು ಕುಶನ್ನಿಗೆ ಹೋಗಬೇಕಾದ ಗೆರೆಯನ್ನು ಮನಸ್ಸಿನಲ್ಲಿ ಎಳೆಯಿರಿ. ಬಿಳಿ ಚೆಂಡು ಬರುವ ಗೆರೆ ಅದಕ್ಕಿಂತ ಕುಶನ್ನಿಗೆ ಹೆಚ್ಚು ನೆಟ್ಟಗಿದ್ದರೆ ಚೆಂಡು ಗಿಡ್ಡ ಬರುತ್ತದೆ. ಬಿಳಿಯ ಗೆರೆ ಹೆಚ್ಚು ಓರೆಯಾಗಿ, ಕುಶನ್ನಿನ ಉದ್ದಕ್ಕೆ ಒರಗಿಕೊಂಡಿದ್ದರೆ ಉದ್ದ ಹೋಗುತ್ತದೆ. ಪರೀಕ್ಷಿಸಲು ಬಣ್ಣದ ಚೆಂಡನ್ನು ಅದೇ ಉಂಗುರದಲ್ಲಿ ಬಿಟ್ಟು, ಬಿಳಿ ಚೆಂಡನ್ನು ಎಡಕ್ಕೆ ಒಂದು ಗೇಣು ಸರಿಸಿ ಐದು, ಬಲಕ್ಕೆ ಒಂದು ಗೇಣು ಸರಿಸಿ ಐದು ಹೊಡೆಯಿರಿ. ಎರಡು ಗುಂಪುಗಳು ಪಾಕೆಟಿನ ಎರಡು ಕಡೆಗೆ ಬಿದ್ದರೆ ರೋಗ ಇದೇ. ಬಿಳಿ ಚೆಂಡಿಗೆ ಸೈಡ್ ಕೊಟ್ಟು ಈ ಉಜ್ಜನ್ನು ಅಳಿಸಬಹುದು, ಪಳಗಿದವರು ಹಾಗೆಯೇ ಮಾಡುತ್ತಾರೆ. ಕಲಿಯುವ ಕಾಲದಲ್ಲಿ ಗುರಿಯನ್ನೇ ಒಂದು ಬೆರಳು ಬದಲಿಸಿಕೊಳ್ಳುವುದು ವಾಸಿ. ಸೈಡ್ ಕೊಡಹೋಗಿ ಎರಡನೇ ರೋಗ ತಂದುಕೊಂಡವರನ್ನು ಕಂಡಿದ್ದೇನೆ.

ಈಗ ಕಣ್ಣು

ಇಷ್ಟಾದ ಮೇಲೂ, ಒಂದೇ ಜೋರಿನಲ್ಲಿ, ನೇರ ಬ್ಯಾಂಕಿನಲ್ಲಿ ತಪ್ಪು ಉಳಿದರೆ ಆಗ ಗುರಿಯ ಲೆಕ್ಕ ನೋಡಿ. ಕುಶನ್ನಿನ ಆಚೆ ಪಾಕೆಟಿನ ಪ್ರತಿಬಿಂಬ ಇದೆಯೆಂದು ಭಾವಿಸಿ ಅದಕ್ಕೇ ಹೊಡೆಯುವುದು ಎಲ್ಲರೂ ಬಳಸುವ ಉಪಾಯ. ಕನ್ನಡಿಯನ್ನು ಎಲ್ಲಿ ನಿಲ್ಲಿಸಿದಿರಿ ಎಂಬುದರಲ್ಲಿ ಎಡವುತ್ತಾರೆ. ಕುಶನ್ನಿನ ಮೂಗಿನ ಮೇಲೆ, ಅಂದರೆ ಚೆಂಡು ತಾಗುವ ಅಂಚಿನ ಮೇಲೆ ನಿಲ್ಲಿಸಿದರೆ ತಪ್ಪು. ಚೆಂಡಿನ ನಡು ಮೂಗಿನವರೆಗೆ ಹೋಗುವುದೇ ಇಲ್ಲ, ಅರ್ಧ ಚೆಂಡು ಈಚೆಗೇ ತಿರುಗುತ್ತದೆ. ನಮ್ಮ ಅಭ್ಯಾಸದ ಹೊಡೆತದಂತೆ ಹೆಚ್ಚುಕಡಿಮೆ ನೇರ ಇರುವ ಕೋನದಲ್ಲಿ ಈ ತಪ್ಪು ಅರ್ಧ ಇಂಚಿನ ಆಸುಪಾಸು, ಪಾಕೆಟ್ ಕ್ಷಮಿಸುತ್ತದೆ. 45 ಡಿಗ್ರಿಯಲ್ಲಿ ಬಂದರೆ ಎರಡೂಕಾಲು ಇಂಚು, ಅಂದರೆ ಪೂರಾ ಒಂದು ಚೆಂಡಿನಗಲ ಗಿಡ್ಡ. ಮೂಲೆಯ ಪಾಕೆಟಿನ ಬಾಯಿ ನಾಲ್ಕೂವರೆ ಇಂಚು. ಬೀಳುವ ಮಾತೇ ಇಲ್ಲ. 'ನೇರ ಬ್ಯಾಂಕ್ ಸರಿ, ಓರೆಯಾದಷ್ಟೂ ಗಿಡ್ಡ' ಎಂಬುದು ಈ ರೋಗದ ಲಕ್ಷಣ.

ಮದ್ದು: ಕುಶನ್ನಿಗೆ ತಾಗಿಸಿ ಒಂದು ಚೆಂಡನ್ನು ಇಡಿ. ಅದರ ನಟ್ಟನಡುವೆ ಹಾಯುವ ಗೆರೆಯೇ ನಿಮ್ಮ ಕನ್ನಡಿ. ಅಲ್ಲೊಂದು ಉಂಗುರ ಅಂಟಿಸಿ, ಚೆಂಡು ತೆಗೆದು, ಉಂಗುರಕ್ಕೆ ಗುರಿಯಿಡಿ.

ಡೈಮಂಡ್ ಗುರುತಿಗೆ ಗುರಿಯಿಡುವವರು ಇನ್ನೊಂದು ವಿಷಯ ನೋಡಬೇಕು. ಆ ಗುರುತುಗಳು ಮೂಗಿನಿಂದ ಸುಮಾರು 94 ಮಿಲಿಮೀಟರ್ ಹಿಂದೆ, ಮರದ ಮೇಲಿವೆ. ಗುರುತಿಗೇ ಗುರಿಯಿಟ್ಟರೆ ಒಂದು ಜಾಗ, ಗುರುತಿನ ನೇರಕ್ಕಿರುವ ಮೂಗಿಗೆ ಇಟ್ಟರೆ ಇನ್ನೊಂದು. ಎರಡೂ ಪದ್ಧತಿ ನಡೆಯುತ್ತವೆ, ಬೆರಸಿದರೆ ಯಾವುದೂ ನಡೆಯುವುದಿಲ್ಲ. ಗುರುತಿಗೇ ಗುರಿಯಿಟ್ಟರೆ ಚೆಂಡು ಬೇಗ ತಿರುಗಿ ಗಿಡ್ಡವಾಗಬೇಕು, ಆದರೆ ಉರುಳುವ ಚೆಂಡಿನ ಬಾಗು ಅದನ್ನು ಉದ್ದ ಮಾಡಿ ಸರಿದೂಗಿಸುತ್ತದೆ. ಎರಡು ತಪ್ಪು ಸೇರಿ ಒಂದು ಸರಿಯಾಗುವ ಅಪರೂಪದ ಜಾಗ ಇದು. ಮಧ್ಯಮ ಜೋರಿಗೆ ಮಾತ್ರ.

ಕಿಕ್

ಕಿಕ್ ಕಷ್ಟ ಎಂದು ಎಲ್ಲರೂ ಹೆದರುತ್ತಾರೆ. ಸುಮ್ಮನೆ ಮುಟ್ಟಿದರೆ ಸಾಕೆನ್ನುವ ಕಿಕ್ ಬ್ಯಾಂಕಿಗಿಂತ ಸುಲಭ. ಬಣ್ಣದ ಚೆಂಡಿನ ಈ ಅಂಚಿನಿಂದ ಆ ಅಂಚಿನವರೆಗೆ ಎಲ್ಲಿ ತಾಗಿದರೂ ಲೆಕ್ಕವೇ, ಅಂದರೆ ಬಿಳಿಯ ನಡುವಿಗೆ ಎರಡು ಚೆಂಡಿನಗಲದ, ನಾಲ್ಕೂವರೆ ಇಂಚಿನ ಬಾಗಿಲು. ಮೂಲೆಯ ಪಾಕೆಟಿಗೆ ಬ್ಯಾಂಕ್ ಹೊಡೆದಾಗ ಬಣ್ಣದ ಚೆಂಡಿನ ನಡುವಿಗೆ ಸಿಗುವುದು ಹೆಚ್ಚುಕಡಿಮೆ ಅದರ ಅರ್ಧ.

ಒಬ್ಬರೇ ಕಿಕ್ ಅಭ್ಯಾಸ ಮಾಡುವಾಗ ಮಾಡುವ ದೊಡ್ಡ ತಪ್ಪೆಂದರೆ ಬಣ್ಣದ ಚೆಂಡನ್ನು ಇಟ್ಟುಕೊಳ್ಳುವುದು. ಅದಿದ್ದರೆ ತಾಗಿತು, ತಾಗಲಿಲ್ಲ ಎಂದಷ್ಟೇ ಗೊತ್ತಾಗುತ್ತದೆ. ಅದನ್ನು ತೆಗೆದು ಉಂಗುರ ಮಾತ್ರ ಬಿಡಿ. ಬಿಳಿ ಚೆಂಡು ಉಂಗುರದ ಯಾವ ಕಡೆ, ಎಷ್ಟು ಬೆರಳು ದೂರ ಹಾಯಿತು ಎಂಬುದು ಆಗ ಕಾಣುತ್ತದೆ. ಹತ್ತು ಬರೆದುಕೊಂಡ ಮೇಲೆ ಚೆಂಡನ್ನು ಇಡಿ. ಹೊಡೆಯುವಾಗ ನಡುವಿಗಿಂತ ಒಂದಿಷ್ಟು ಮೇಲೆ ಹೊಡೆದರೆ ಚೆಂಡು ಬೇಗ ಉರುಳತೊಡಗುತ್ತದೆ, ಕುಶನ್ ಪ್ರತಿ ಸಲ ಒಂದೇ ಉತ್ತರ ಕೊಡುತ್ತದೆ. ಅತಿ ಮೆಲ್ಲಗೂ ಹೊಡೆಯಬೇಡಿ: ತಾಗಿದ ಮೇಲೆ ಯಾವುದಾದರೂ ಚೆಂಡು ಪಾಕೆಟಿಗೆ ಬೀಳಬೇಕು, ಇಲ್ಲವೇ ಕುಶನ್ ಮುಟ್ಟಬೇಕು. ಇಲ್ಲದಿದ್ದರೆ ಫೌಲ್.

ಮೂರು ಕುಶನ್ ಕಿಕ್‌ಗೆ ಬಿಲಿಯರ್ಡ್ಸ್ ಆಟಗಾರರಿಂದ ಬಂದ ಕಳೆಯುವ ಲೆಕ್ಕವಿದೆ. ಡೈಮಂಡ್ ಗುರುತುಗಳಿಗೆ ಅಂಕಿ ಕೊಟ್ಟುಕೊಂಡು, ಹೊರಡುವ ಜಾಗದ ಅಂಕಿಯಿಂದ ತಲುಪಬೇಕಾದ ಮೂರನೇ ಕುಶನ್ನಿನ ಅಂಕಿ ಕಳೆದರೆ ಮೊದಲ ಕುಶನ್ನಿನ ಗುರಿ. ಮೂಲೆಯಿಂದ ಹೊರಟರೆ 5, ತಲುಪಬೇಕಾದದ್ದು 2, ಗುರಿ 3. ಚೆಂಡು ಓಡುವ ದಿಕ್ಕಿನ ಸೈಡ್ ಕೊಟ್ಟಿದ್ದರೆ ಮಾತ್ರ ಇದು ನಿಜ. ಸೈಡ್ ಕೊಡದೆ ಈ ಲೆಕ್ಕ ಹಾಕಿ 'ಸೂತ್ರ ಸುಳ್ಳು' ಎನ್ನುವವರೇ ಹೆಚ್ಚು. ಸೈಡ್ ಕೊಟ್ಟೂ ಪ್ರತಿ ಸಲ ಅರ್ಧ ಗುರುತು ಗಿಡ್ಡ ಬಂದರೆ ಅದು ಟೇಬಲಿನ ಗುಣ, ಅರ್ಧ ಗುರುತು ಸೇರಿಸಿಕೊಂಡು ಆಡಿ. ಫಿಲಿಪ್ಪೀನ್ಸಿನ ಎಫ್ರೆನ್ ರೆಯೆಸ್ 1995ರಲ್ಲಿ ಅಮೆರಿಕದ ರೀನೋದಲ್ಲಿ ಅರ್ಲ್ ಸ್ಟ್ರಿಕ್‌ಲ್ಯಾಂಡ್ ವಿರುದ್ಧ ಎರಡು ಕುಶನ್ ಬಳಸಿ ಹೊಡೆದ ಕಿಕ್ಕನ್ನು ಜನ ಇಂದಿಗೂ ಮಾಯೆ ಎಂಬಂತೆ ನೋಡುತ್ತಾರೆ. ಕುಶನ್ ಬಿಲಿಯರ್ಡ್ಸನ್ನೂ ಆಡಿದ ಕೈ ಅದು. ಆ ಲೆಕ್ಕ ಅವರಿಗೆ ಬಾಯಿಪಾಠವಾಗಿದ್ದರೆ ಅಚ್ಚರಿಯೇನು?

ಒಂದು ಹಟಮಾರಿ ಕುಶನ್

ಇಷ್ಟೆಲ್ಲ ಮಾಡಿದ ಮೇಲೆ ನವೆಂಬರಿನಲ್ಲಿ ನನ್ನ ನೋಟ್‌ಬುಕ್ಕಿನಲ್ಲಿ ಒಂದೇ ಒಂದು ಸಾಲು ಹೊಂದಿಕೆಯಾಗದೆ ಉಳಿಯಿತು. ಕಿಟಕಿಯ ಕಡೆಯ ಉದ್ದ ಕುಶನ್, ಮಧ್ಯದ ಪಾಕೆಟಿನ ಎಡಭಾಗ. ಅಲ್ಲಿ ಜೋರಾಗಿ ಹೊಡೆದರೂ ಚೆಂಡು ಉದ್ದ ಹೋಗುತ್ತಿತ್ತು. ಮೇಲೆ ಬರೆದದ್ದೆಲ್ಲ ನಿಜವಾದರೆ ಇದು ಆಗಬಾರದು. ಬಿಸಿಲಿನ ದಿನವೂ ಉದ್ದ, ನೇರ ಬ್ಯಾಂಕೂ ಉದ್ದ, ವಾಪಸು ಬರುವ ವೇಗವೂ ಕಡಿಮೆ. ಬಲಭಾಗದಲ್ಲಿ ಹಾಗಿಲ್ಲ. ಕುಶನ್ ಚೆಂಡನ್ನು ಹಿಂದಕ್ಕೆ ನೂಕುವ ಶಕ್ತಿ ಕಳೆದುಕೊಂಡು, ಉದ್ದಕ್ಕಿನ ಓಟ ಮಾತ್ರ ಹಾಗೇ ಉಳಿದರೆ ಹೀಗಾಗಬಹುದು. ಮೊದಲ ತಪಾಸಣೆಯಲ್ಲಿ ಸದ್ದು ಕೇಳಿದ್ದೆ, ಆದರೆ ಪ್ರತಿ ಬದಿಯಲ್ಲೂ ಒಂದೊಂದೇ ಜಾಗದಲ್ಲಿ.

ಮಾರ್ಕರನ್ನು ಕರೆದೆ. ಅವರು ಚೆಂಡನ್ನು ಒಂದೊಂದು ಗೇಣಿಗೆ ಬಡಿಸುತ್ತ ಬಂದರು: ಟಕ್, ಟಕ್, ಟಕ್, ದಬ್. ಕುಶನ್ನಿನ ಮರವನ್ನು ಅಂಗೈಯಿಂದ ಒತ್ತಿ ಹಿಡಿದು ಇನ್ನೊಮ್ಮೆ ಬಡಿಸಿದರು, ಸದ್ದು ಬದಲಾಯಿತು. ಮೊಬೈಲ್ ಟಾರ್ಚ್ ಹಿಡಿದು ಟೇಬಲಿನ ಕೆಳಗೆ ತೂರಿದರು. 'ಎರಡು ಬೋಲ್ಟ್ ಸಡಿಲ ಸರ್, ಕೈಯಲ್ಲೇ ತಿರುಗುತ್ತಿವೆ' ಎಂದು ಕೆಳಗಿನಿಂದಲೇ ಕೂಗಿದರು. ಸ್ಪ್ಯಾನರ್ ಹುಡುಕಲು ಇಪ್ಪತ್ತು ನಿಮಿಷ, ಬಿಗಿಯಲು ಎರಡು ನಿಮಿಷ ಹಿಡಿಯಿತು. ಆ ಇಪ್ಪತ್ತೆರಡು ನಿಮಿಷದ ಬಾಡಿಗೆ ಹಿಡಿಯಲಿಲ್ಲ.

ಆ ಕುಶನ್ನಿನ ಬಗ್ಗೆ ನಾಲ್ಕು ತಿಂಗಳು ಬರೆದಿದ್ದ ಪುಟಗಳಿಗೆ ಅಡ್ಡಗೆರೆ ಎಳೆದು, ಉಂಗುರ ಅಂಟಿಸಿ, ಏಳನೇ ನಂಬರನ್ನು ಅದರ ಮೇಲೆ ಕೂರಿಸಿದೆ. ಎರಡನೇ ಜೋರು, ನೇರ ಹೊಡೆತ. ಮೊದಲ ಹತ್ತು: ಬಿದ್ದದ್ದು ನಾಲ್ಕು, ಗಿಡ್ಡ ಆರು, ಎಲ್ಲವೂ ಎರಡು ಬೆರಳು.